ಕಡ ತಂದ ಮೂಲಪುರುಷ

ಮೊರಬದ ಮಡಿವಾಳೆಪ್ಪನಿಗೆ ಆ ದಿನ ಬೆಳಿಗ್ಗೆ ಹೆಳವರ ತಿರಕಪ್ಪನ ಎತ್ತಿನ ಗಂಟೆ ಕೇಳಿಸಿತು. ಎತ್ತು ತನ್ನ ಮನೆ ದಾಟಿ ಪಕ್ಕದ ಶಂಕ್ರಪ್ಪನ ಕಟ್ಟೆಯ ಮುಂದೆ ನಿಂತಾಗ ಅವನ ಹೊಟ್ಟೆಗೆ ಬೆಂಕಿ ಬಿತ್ತು. ಹೆಳವರು ಊರುಗಳನ್ನು ತಮ್ಮತಮ್ಮಲ್ಲಿ ಪಾಲು ಹಾಕಿಕೊಂಡು, ಐದಾರು ವರ್ಷಕ್ಕೊಮ್ಮೆ ಎತ್ತಿನ ಮೇಲೆ ಬಂದು ಮನೆಮನೆಯ ವಂಶಾವಳಿ ಹೇಳುವವರು. ಯಾರ ಮೂಲಪುರುಷ ಎಲ್ಲಿಂದ ಬಂದ, ಯಾಕೆ ಬಂದ, ಮನೆಯ ಬೆಡಗು ಎಂಬ ಗೋತ್ರ ಯಾವುದು, ಎಲ್ಲ ಅವರ ನಾಲಿಗೆಯ ಮೇಲೆ. ಅವರು ಹೇಳಿದ ಮೇಲೆ ಊರಲ್ಲಿ ಇನ್ನೊಂದು ಮಾತಿಲ್ಲ.

ಶಂಕ್ರಪ್ಪನ ಮೂಲಪುರುಷ ಕೃಷ್ಣೆಯ ಆಚೆಯಿಂದ ಏಳು ಜೋಡಿ ಎತ್ತು ಹೊಡೆದುಕೊಂಡು ಬಂದವನು, ದಾರಿಯಲ್ಲಿ ಹುಲಿಯ ಕಿವಿ ಹಿಂಡಿದವನು. ಮಡಿವಾಳೆಪ್ಪನ ಮೂಲಪುರುಷನೂ ಬಂದಿದ್ದ. ಕಳೆದುಹೋದ ಎಮ್ಮೆ ಹುಡುಕುತ್ತ ಬಂದು, ಯಾರದೋ ಮನೆಯಲ್ಲಿ ಊಟಕ್ಕೆ ಕೂತು, ಹಾಗೇ ಉಳಿದುಬಿಟ್ಟಿದ್ದ. ಎಮ್ಮೆ ಸಿಕ್ಕಿತೋ ಇಲ್ಲವೋ ಹೆಳವರಿಗೂ ಗೊತ್ತಿಲ್ಲ. ಕಳೆದ ಸಲ ಇದನ್ನು ಕೇಳಿ ಓಣಿ ಒಂದು ವಾರ ನಕ್ಕಿತ್ತು. ಆಮೇಲೆ ಶಂಕ್ರಪ್ಪ ಟ್ರ್ಯಾಕ್ಟರ್ ತಂದ, ಪಂಚಾಯ್ತಿ ಮೆಂಬರ್ ಆದ. ಅದೆಲ್ಲ ಆ ಹುಲಿಯ ದೆಸೆಯಿಂದಲೇ ಆದದ್ದೆಂದು ಮಡಿವಾಳೆಪ್ಪ ರಾತ್ರಿ ಹಗಲು ಕುದಿಯುತ್ತಿದ್ದ.

ಇವತ್ತಂತೂ ಸುಮ್ಮನಿರುವ ಹಾಗಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಗುಡಗೇರಿಯ ದೊಡ್ಡ ರೈತ ಅಡಿವೆಪ್ಪ ತನ್ನ ಮಗನ ಜೊತೆ ಇವನ ಮಗಳು ಶಿವಗಂಗವ್ವನನ್ನು ನೋಡಲು ಬರುವವನಿದ್ದ. ಹುಡುಗ ನವಲಗುಂದದಲ್ಲಿ ಹೈಸ್ಕೂಲ್ ಮಾಸ್ತರ. ಬೆಡಗು-ಬಳಗದ ಮಾತು ಎದುರಿಗೆ ಕೂತೇ ಆಡೋಣ ಎಂದು ಹೇಳಿ ಕಳಿಸಿದ್ದರು. ಶಂಕ್ರಪ್ಪನಿಗೂ ಮದುವೆಗೆ ಬಂದ ಮಗಳಿದ್ದಳಲ್ಲ, ಅದಕ್ಕೇ ಮಡಿವಾಳೆಪ್ಪ ಈ ಸುದ್ದಿಯನ್ನು ಹೆಂಡತಿ ರೇವವ್ವನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆಯೇ ಹೋಳಿಗೆಯ ವಾಸನೆ ಯಾಕೆಂದು ಎದುರು ಮನೆಯ ಖಾಸಿಂಬಿ ಕೇಳಿದಾಗ ಎಮ್ಮೆ ಕರು ಹಾಕಿದೆ ಎಂದುಬಿಟ್ಟ. ಅವಳು ಗಿಣ್ಣದ ಹಾಲಿಗೆ ಪಾತ್ರೆ ಹಿಡಿದು ಬಂದು ಕಟ್ಟೆಯ ಮೇಲೆ ಕೂತಳು. ಎಮ್ಮೆ ಇನ್ನೂ ಗಬ್ಬವೇ ಆಗಿರಲಿಲ್ಲ.

ಅತ್ತ ಹುಲಿಯ ಕಿವಿ ಹಿಂಡುವುದು ಮುಗಿದ ಮೇಲೆ ಮಡಿವಾಳೆಪ್ಪ ತಿರಕಪ್ಪನನ್ನು ಹಿತ್ತಲ ಬಣವೆಯ ಹಿಂದೆ ಕರೆದೊಯ್ದ. ಮನೆಗೆ ಬೀಗರಾಗುವವರು ಬರುತ್ತಾರೆ, ಅವರ ಮುಂದೆ ಎಮ್ಮೆಯ ಸುದ್ದಿ ಬೇಡ, ಹುಲಿಗಿಂತ ದೊಡ್ಡದೇನಾದರೂ ಹೇಳಿದರೆ ಕೊಟ್ಟಿಗೆಯ ಹೋರಿಕರು ನಿನ್ನದೇ ಎಂದ. ತಿರಕಪ್ಪ ಮೊದಲು ಕಿವಿ ಮುಚ್ಚಿಕೊಂಡ. ಆಮೇಲೆ ಕರುವಿನ ಬೆನ್ನು ಸವರಿ ನೋಡಿದ.

“ಇಲ್ಲದ್ದನ್ನ ಹುಟ್ಟಿಸಿ ಹೇಳೂದು ನಮಗ ಆಗಿ ಬರೂದಿಲ್ರಿ ಧಣ್ಯಾರ. ಆದ್ರ ನಮ್ಮ ಮಾವನ ಪಾಲಿನ ಊರಾಗ ಒಂದ ಮನಿತನ ಐತಿ, ಭಾರೀ ಕತಿ. ಅದನ್ನ ನಿಮಗ ಹಚ್ಚಿ ಹೇಳ್ತೀನಿ. ಬರೂ ಮಂದಿ ಯಾವೂರವ್ರು?”

ಬೇಲಿಯಾಚೆ ಶಂಕ್ರಪ್ಪ ಕೆಮ್ಮಿದ. ಊರ ಹೆಸರು ಕಿವಿಗೆ ಬಿದ್ದರೆ ಅವನು ಬಸ್ ನಿಲ್ದಾಣಕ್ಕೇ ಹೋಗಿ ಬೀಗರನ್ನು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಹೋದಾನೆಂದು ಮಡಿವಾಳೆಪ್ಪ ದನಿ ತಗ್ಗಿಸಿದ. ಯಾರೋ ದೂರದವರು, ನೀನು ಹೇಳುವುದನ್ನು ಹೇಳು ಎಂದು ಬಾಯಿ ಮುಚ್ಚಿಸಿದ.

ಬೀಗರು ಬಂದರು, ಹೋಳಿಗೆ ಉಂಡರು. ಅಂಗಳದಲ್ಲಿ ಹೆಳವ ಹಾಡಲು ಕೂತನೆಂದು ಓಣಿಯೆಲ್ಲ ನೆರೆಯಿತು. ಶಂಕ್ರಪ್ಪನೂ ಕರೆಯದೆ ಬಂದು ಕಂಬಕ್ಕೆ ಆತು ಕೂತ. ಕೇಳಲಿ ಮಗ ಎಂದುಕೊಂಡ ಮಡಿವಾಳೆಪ್ಪ.

ತಿರಕಪ್ಪ ದನಿ ಎತ್ತಿದ. ಈ ಮನೆಯ ಮೂಲಪುರುಷ ಬರದ ವರ್ಷ ಕಲ್ಯಾಣದ ಕಡೆಯಿಂದ ಹೊರಟ. ಮಹಾಪೂರ ಬಂದಿದ್ದ ಮಲಪ್ರಭೆಯನ್ನು ಬಿತ್ತನೆ ಜೋಳದ ಚೀಲ ತಲೆಯ ಮೇಲೆ ಹೊತ್ತು ಈಜಿದ. ಒಂದು ಕಾಳೂ ತೋಯಲಿಲ್ಲ. ಅದನ್ನು ಕಂಡು ದೇಸಾಯಿ ಕುದುರೆಯಿಂದಿಳಿದು ಕೈಮುಗಿದು ಎರೆಭೂಮಿ ಕೊಟ್ಟ. ಬರದ ವರ್ಷ ಮಹಾಪೂರ ಹೇಗೆ ಬಂತೆಂದಾಗಲಿ, ಕಳೆದ ಸಲದ ಎಮ್ಮೆ ಎಲ್ಲಿ ಹೋಯಿತೆಂದಾಗಲಿ ಯಾರೂ ಕೇಳಲಿಲ್ಲ; ಹೇಳಿದವನು ಹೆಳವ. ಶಂಕ್ರಪ್ಪ ಬಾಯಿ ತೆರೆದು ಕೂತಿದ್ದ. ಅಂಥ ಸುಖವನ್ನು ಮಡಿವಾಳೆಪ್ಪ ಜನ್ಮದಲ್ಲಿ ಕಂಡಿರಲಿಲ್ಲ. ಕೊನೆಗೆ ತಿರಕಪ್ಪ, ಇದು ಬೆಳ್ಳಿಕಡಗದ ಬೆಡಗು ಎಂದು ಮುಗಿಸಿದಾಗ, ತನ್ನ ಬೆಡಗು ಬೇರೆಯಲ್ಲವೇ ಎಂದು ಒಂದು ಗಳಿಗೆ ಅನ್ನಿಸಿತು. ಕತೆಯ ಜೊತೆ ಬಂದದ್ದು ಬರಲಿ ಎಂದು ಬಿಟ್ಟ.

ಅಷ್ಟರಲ್ಲಿ ಅಡಿವೆಪ್ಪ ಎದ್ದು ಬಂದು ಅವನನ್ನು ಬಾಚಿ ತಬ್ಬಿಕೊಂಡ. ಕಣ್ಣಲ್ಲಿ ನೀರು.

“ಚೀಲ ಹೊತ್ತಾವ ನಮ್ಮ ಮುತ್ಯಾನ ಮುತ್ಯಾ! ನಾವು ನೀವು ಒಂದ ಬೆಡಗಿನವ್ರು, ಅಣ್ಣತಮ್ಮರು. ಹೆಣ್ಣು ಕೊಟ್ಟು ತರೂದು ಹೆಂಗ ಆಗ್ತೈತಿ? ದೇವ್ರು ದೊಡ್ಡಾವ, ಹೆಳವ ಇಲ್ಲಂದ್ರ ಇವತ್ತ ಘಾತ ಆಗ್ತಿತ್ತು.”

ಒಳಗಿನಿಂದ ಶಿವಗಂಗವ್ವ ಚಹಾ ತಂದಳು. ಮಾಸ್ತರ ಕಪ್ಪು ತೆಗೆದುಕೊಂಡು, ತಂಗಿ, ಸಕ್ಕರಿ ಸ್ವಲ್ಪ ಕಡಿಮಿ ಆತು ಎಂದ.

ರೇವವ್ವ ಬಾಗಿಲ ಮರೆಯಿಂದ ಗಂಡನಿಗೆ ಕಣ್ಣಲ್ಲೇ ಬೆಂಕಿ ಹಚ್ಚಿದಳು: ಈಗಲಾದರೂ ಇದ್ದದ್ದನ್ನು ಹೇಳಬಾರದೇ? ಹೇಳಿದರೆ ಮಗಳ ಸಂಬಂಧ ಉಳಿದೀತು. ಮಡಿವಾಳೆಪ್ಪ ಬಾಯಿ ತೆರೆದ. ಎದುರಿಗೆ ಶಂಕ್ರಪ್ಪ ಕೂತಿದ್ದ. ಅವನ ಮುಂದೆ ಎಮ್ಮೆ ಎಂಬ ಎರಡಕ್ಷರ ಗಂಟಲು ದಾಟಲಿಲ್ಲ. ತಿರಕಪ್ಪ ಆಗಲೇ ಕೊಟ್ಟಿಗೆಯಲ್ಲಿ ಕರುವಿನ ಹಗ್ಗ ಬಿಚ್ಚುತ್ತಿದ್ದ.

ಇಷ್ಟು ದೂರ ಬಂದದ್ದು ಬರಿಗೈಯಲ್ಲಿ ಹೋಗಬೇಕಾಯಿತಲ್ಲ ಎಂದು ಅಡಿವೆಪ್ಪ ನಿಟ್ಟುಸಿರಿಟ್ಟ. ಬೆಳಗಿನಿಂದ ಖಾಲಿ ಪಾತ್ರೆ ಹಿಡಿದು ಕೂತಿದ್ದ ಖಾಸಿಂಬಿಗೆ ಸೇಡು ತೀರಿಸಿಕೊಳ್ಳಲು ಅದೇ ಸಾಕಾಯಿತು.

“ಬಾಜೂ ಮನ್ಯಾಗ ಒಬ್ಬಾಕಿ ಅದಾಳಲ್ರಿ, ಬಂಗಾರದಂಥಾಕಿ,” ಎಂದಳು.

ಹೆಣ್ಣು ಕೇಳುವಾಗ ಮೊದಲ ಮಾತು ಹುಡುಗನ ಕಾಕಾನೇ ಆಡಬೇಕು. ಅಣ್ಣತಮ್ಮರೆಂದ ಮೇಲೆ ಕಾಕಾ ಈಗ ಸಿಕ್ಕೇ ಇದ್ದನಲ್ಲ. ಅಡಿವೆಪ್ಪ ಮಡಿವಾಳೆಪ್ಪನ ರಟ್ಟೆ ಹಿಡಿದು ಶಂಕ್ರಪ್ಪನ ಪಡಸಾಲೆಯಲ್ಲಿ ಮುಂದೆ ಕೂಡಿಸಿದ. ಹುಡುಗಿ ಬಂದು ಹೋದಳು. ಮಾಸ್ತರನ ಮುಖ ಅರಳಿತು. ಇನ್ನು ಉಳಿದದ್ದು ಹುಡುಗನ ಮನೆತನದ ವಿಚಾರಣೆ ಮಾತ್ರ. ಶಂಕ್ರಪ್ಪ ಅದನ್ನು ಕಾಕಾನನ್ನೇ ಕೇಳಿದ. ಮಡಿವಾಳೆಪ್ಪ ತನ್ನ ಅಂಗಳ ದಾಟುವಷ್ಟರಲ್ಲಿ ಆ ಮನೆತನಕ್ಕೆ ನಾಲ್ಕು ಕುಂದು ಹುಡುಕಿಟ್ಟುಕೊಂಡಿದ್ದ, ಒಂದೇ ಮಾತಿಗೆ ಸಂಬಂಧ ಮುರಿದುಬೀಳುವಂಥವು. ಆದರೆ ಯಾವುದನ್ನು ಎಸೆದರೂ ಅದು ಬಂದು ಬೀಳುವುದು ತನ್ನ ಮನೆಯ ಮೇಲೇ.

“ನಮ್ಮಂಥಾ ಮನಿತನ ಈ ಸುತ್ತಿನಾಗ ಇನ್ನೊಂದಿಲ್ಲ,” ಎಂದ ಹಲ್ಲು ಕಚ್ಚಿಕೊಂಡು.

ಶಂಕ್ರಪ್ಪ ಸಕ್ಕರೆಯ ತಾಟು ಹಿಡಿದು ಮೊದಲು ಅವನ ಹತ್ತಿರವೇ ಬಂದ. ಇಷ್ಟು ವರ್ಷ ‘ಲೇ ಮಡಿವಾಳ್ಯಾ’ ಎನ್ನುತ್ತಿದ್ದವನು ಇಂದು ಸೊಂಟ ಬಗ್ಗಿಸಿ ನಿಂತಿದ್ದ.

“ಬಾಯಿ ತಗೀರಿ, ಬೀಗ್ರ,” ಎಂದ.

ಮಡಿವಾಳೆಪ್ಪ ಬಾಯಿ ತೆರೆದ.