ತಿರುಮಲನ ಹೊಸ ಪ್ಲಾಟ್‌ಫಾರಂ

ತಿರುಮಲನ ಮನೆಯಲ್ಲಿ ಒಂದು ಟೆಲಿಫೋನ್ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಆಫೀಸಿನವರಿಗೆ ಅವನು ಕೊಟ್ಟಿದ್ದದ್ದು ಎದುರು ಮನೆಯ ಜಯಲಕ್ಷ್ಮಿ ಮಾಮಿಯ ನಂಬರು. ಚೆನ್ನೈಯ ಪುರಸೈವಾಕ್ಕಂನ ಆ ವಠಾರದಲ್ಲಿ ಯಾರಿಗೆ ಫೋನು ಬಂದರೂ ಮೊದಲು ಮಾಮಿಯ ಕಿವಿಗೆ ಬೀಳಬೇಕು, ಅಲ್ಲಿ ಸೋಸಿಕೊಂಡು ಆಮೇಲೆ ಸಂಬಂಧಪಟ್ಟವರಿಗೆ. ಸೋಸುವಾಗ ಡಿಕಾಕ್ಷನ್ ಮಾಮಿಯ ಕಡೆ ಉಳಿದು ಚರಟ ಮಾತ್ರ ಈಚೆ ಬರುವುದು ರೂಢಿ.

ಆ ಶುಕ್ರವಾರ ಬೆಳಿಗ್ಗೆ ಮಾಮಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಂಗಳ ದಾಟಿ ಬಂದಾಗ ತಿರುಮಲ ಗಡ್ಡ ಹೆರೆದುಕೊಳ್ಳುತ್ತಿದ್ದ. ಒಂದು ಕೆನ್ನೆ ಮುಗಿದಿತ್ತು.

"ನಿಮ್ಮ ಆಫೀಸಿಂದ ಫೋನು. ಯಾರೋ ಹುಡುಗಿ. ಮುಕ್ಕಾಲು ಇಂಗ್ಲಿಷು. ಇರಮ್ಮಾ ಕೂಗ್ತೀನಿ ಅಂದ್ರೆ, ನೀಂಗಳೇ ಸೊಲ್ಲಿಡುಂಗೊ, ನೀವೇ ಹೇಳಿಬಿಡಿ ಅಂತ ಇಟ್ಟೇಬಿಟ್ಲು."

"ಏನಂದ್ಲು ಮಾಮಿ?"

"ಮನಸ್ಸಿಗೆ ಹಚ್ಚಿಕೋಬಾರದು." ಮಾಮಿ ಸುತ್ತ ನೋಡಿ, ಇಡೀ ವಠಾರಕ್ಕೆ ಕೇಳುವಂತೆ ದನಿ ತಗ್ಗಿಸಿದರು. "ಸೋಮವಾರದಿಂದ ನಿಮ್ಮನ್ನ ಪ್ಲಾಟ್‌ಫಾರಂಗೆ ಹಾಕ್ತಾರಂತೆ. ಇವತ್ತು ಮೂರು ಗಂಟೆಗೆ ಪೆರುಂಗುಡಿಗೆ ಹೋಗಿ ಮ್ಯಾನೇಜರಮ್ಮನ್ನ ನೋಡಬೇಕಂತೆ."

ರೇಜರು ತಿರುಮಲನ ಗದ್ದದ ಹತ್ತಿರ ನಿಂತುಬಿಟ್ಟಿತು.

"ನ್ಯೂ ಪ್ಲಾಟ್‌ಫಾರಂ ಅಂದ್ಲು," ಮಾಮಿ ಸಮಾಧಾನ ಹೇಳಿದರು. "ಹೊಸದೇ. ಟೈಲ್ಸ್ ಹಾಕಿರ್ತಾರೇನೋ."

ಚೆನ್ನೈಯಲ್ಲಿ ಪ್ಲಾಟ್‌ಫಾರಂ ಅಂದರೆ ರೈಲು ಬಂದು ನಿಲ್ಲುವ ಕಟ್ಟೆ ಮಾತ್ರವಲ್ಲ. ರಸ್ತೆ ಪಕ್ಕದ ಫುಟ್‌ಪಾತಿಗೂ ಜನ ಅದೇ ಹೆಸರು ಇಟ್ಟಿದ್ದಾರೆ. ಬಾಚಣಿಗೆ ಮಾರುವವನು ಕೂರುವುದು ಅಲ್ಲಿ, ಮನೆಯಿಲ್ಲದವನು ಮಲಗುವುದು ಅಲ್ಲಿ. ಸಂಸಾರಸ್ಥನೊಬ್ಬ ಪ್ಲಾಟ್‌ಫಾರಂಗೆ ಬಂದ ಎಂದರೆ ಅವನ ಕತೆ ಮುಗಿಯಿತು ಎಂದೇ ಅರ್ಥ. ತಿರುಮಲನದು ಅಜ್ಜನ ಕಾಲದಿಂದ ಈ ಊರಿನಲ್ಲೇ ಅನ್ನ ತಿಂದ ಕನ್ನಡದ ಮನೆತನ. ಬೇರೆ ಅರ್ಥ ಹೊಳೆಯುವುದಾದರೂ ಹೇಗೆ?

ಅದೂ ಅಲ್ಲದೆ ಭಯ ಮೊದಲಿಂದಲೇ ಮನೆಯೊಳಗೆ ಬಂದು ಕಾಲು ಚಾಚಿ ಕೂತಿತ್ತು. ಬಂದರಿಗೆ ಬರುವ ಸರಕಿಗೆ ಕಸ್ಟಮ್ಸ್ ಕಾಗದ ತಯಾರಿಸಿ ಕೊಡುವ ಅವನ ಕಂಪನಿಯನ್ನು ಸಿಂಗಾಪುರದವರು ಕೊಂಡುಕೊಂಡಿದ್ದರು. ಪ್ಯಾರೀಸ್ ಕಾರ್ನರಿನ ಹಳೇ ಆಫೀಸು ಖಾಲಿಯಾಗುತ್ತಿತ್ತು. ಹೊಸ ಆಫೀಸು ಪೆರುಂಗುಡಿಯ ಗಾಜಿನ ಕಟ್ಟಡದಲ್ಲಿ. ಯಾರನ್ನು ಉಳಿಸಿಕೊಳ್ಳುತ್ತಾರೆ, ಯಾರನ್ನು ಕಳಿಸುತ್ತಾರೆ, ಯಾರಿಗೂ ಗೊತ್ತಿರಲಿಲ್ಲ. ಕರೆ ಬರುವವರೆಗೆ ಮನೆಯಲ್ಲಿರಿ ಎಂದಿದ್ದರು. ಈಗ ಕರೆ ಬಂದಿತ್ತು.

ಹೆಂಡತಿ ಅಂಬುಜಾ ಒಲೆ ಆರಿಸಿ ಹೊರಗೆ ಬಂದು ಹೊಸ್ತಿಲ ಮೇಲೆ ಕೂತಳು. "ವೃಂದಾ ಕಾಲೇಜು ಮುಗಿಯೋ ತನಕಾನಾದ್ರೂ ಇಟ್ಕೊಳ್ಳಿ ಅಂತ ಕೇಳಬಾರದಾ? ಇಷ್ಟು ವರ್ಷ ದುಡಿದಿದ್ದೀರಿ. ಆ ಕುರ್ಚಿಗೆ ದಿಂಬು ಕೂಡ ನಾನೇ ಹೊಲಿದು ಕೊಟ್ಟಿದ್ದೆ."

ಕಾಲೇಜಿಗೆ ಹೊರಟು ನಿಂತಿದ್ದ ಮಗಳು ವೃಂದಾ ಚಪ್ಪಲಿ ಮೆಟ್ಟುತ್ತ ತಮಿಳಿನಲ್ಲೇ ಹೇಳಿದಳು: "ಅಪ್ಪಾ, ಅದು ವೇರೆ ಪ್ಲಾಟ್‌ಫಾರಂ ಪಾ. ಕಂಪ್ಯೂಟರ್ಲೆ..."

"ಯಾವ ಪ್ಲಾಟ್‌ಫಾರಂ ಆದರೇನೇ, ಕೂರೋದು ನೆಲದ ಮೇಲೆ ತಾನೆ," ಎಂದರು ಮಾಮಿ. "ದೊಡ್ಡೋರು ಸಂಕಟದಲ್ಲಿರೋವಾಗ ಮಧ್ಯೆ ಬಾಯಿ ಹಾಕಬಾರದು. ನೀನು ಹೋಗು, ಬಸ್ಸು ತಪ್ಪತ್ತೆ."

ವೃಂದಾ ಹೆಗಲು ಕುಣಿಸಿ ಹೊರಟುಹೋದಳು. ಆ ವಠಾರದಲ್ಲಿ ಆ ಪದದ ಅರ್ಥ ಗೊತ್ತಿದ್ದವಳು ಅವಳೊಬ್ಬಳೇ.

ಮಾಮಿ ತಿರುಮಲನ ಕಡೆ ತಿರುಗಿದರು. "ಹೆದರಬೇಡಿ. ನನ್ನ ಓರಗಿತ್ತಿ ತಮ್ಮ ಇದೇ ಬೀದೀಲಿ ಪ್ಲಾಟ್‌ಫಾರಂ ಮೇಲೆ ನೈಟಿ ಮಾರ್ತಾನೆ. ದೀಪಾವಳಿ ಸೀಸನ್ನಿನಲ್ಲಿ ಉಸಿರಾಡೋಕೆ ಪುರುಸೊತ್ತಿರಲ್ಲ. ಪಕ್ಕದಲ್ಲಿ ಒಂದು ಜಾಗ ಹಿಡಿಸಿಕೊಡ್ತೀನಿ."

ತಿರುಮಲ ತಾನು ನೈಟಿ ಎತ್ತಿ ಹಿಡಿದು ಕೂಗುವುದನ್ನು ಕಣ್ಣ ಮುಂದೆ ಕಂಡ. ಗದ್ದ ಕೊಯ್ದೇಹೋಯಿತು.

ಗದ್ದಕ್ಕೆ ಪೇಪರಿನ ಚೂರು ಅಂಟಿಸಿಕೊಂಡು ಅವನು ಓಡಿದ್ದು ಮಹಡಿಯ ವಿಷ್ಣುತೀರ್ಥ ಮಾಮನ ಹತ್ತಿರ. ಇನ್ಷೂರೆನ್ಸ್ ಆಫೀಸಿನಿಂದ ನಿವೃತ್ತರಾದ ಮೇಲೆ ಮಾಮ ಇಂಗ್ಲಿಷ್ ಪೇಪರಿನ ವ್ಯಾಪಾರದ ಪುಟವನ್ನು ಪಾರಾಯಣದ ಹಾಗೆ ಓದುತ್ತಿದ್ದರು. ಹೊಸ ಪದ ಸಿಕ್ಕಿದ ದಿನ ನಲ್ಲಿಯ ಹತ್ತಿರ ನಿಂತು ಸಿಕ್ಕವರಿಗೆಲ್ಲ ಹಂಚುತ್ತಿದ್ದರು. ಕಂಪನಿ ಕೈ ಬದಲಾದಾಗಿನಿಂದ ಆ ಪ್ರಸಾದ ಹೆಚ್ಚಾಗಿ ತಿರುಮಲನ ಪಾಲಿಗೆ.

"ಲೋ ತಿರುಮಲ, ಅಳಬೇಡ. ಇವರಿಗೆ ಅಳು ಅರ್ಥ ಆಗಲ್ಲ, ವೊಕ್ಯಾಬುಲರಿ ಅರ್ಥ ಆಗತ್ತೆ. ಸಿನರ್ಜಿ ಅಂದ್ರೇನು, ಹೇಳು."

"ಹುಳಿಗೆ ಇಂಗು ಬಿದ್ದ ಹಾಗೆ, ಮಾಮ. ಎರಡೂ ಸೇರಿದರೆ ಜಾಸ್ತಿ ರುಚಿ."

"ಸರಿ. ಇನ್ನೋವೇಶನ್?"

"ನಿನ್ನೆ ಮಿಕ್ಕಿದ ಇಡ್ಲೀನ ಇವತ್ತು ಉಪ್ಪಿಟ್ಟು ಮಾಡೋದು."

"ಬ್ಯಾಂಡ್‌ವಿಡ್ತ್?"

ತಿರುಮಲ ಒದ್ದಾಡಿದ. "ಪಂಚೆ ಅಂಚಾ?"

"ತೆಪ್ಪಗಿರು. ಅದನ್ನ ಬಾಯಿಬಿಡಬೇಡ." ಮಾಮ ಕನ್ನಡಕ ತೆಗೆದು ಪಂಚೆಯಂಚಿಗೆ ಒರೆಸಿದರು. "ಈಗ ಒಂದು ಬ್ರಹ್ಮಾಸ್ತ್ರ ಕೊಡ್ತೀನಿ. ಲೆಗಸಿ. ಅಂದ್ರೆ ಹಿರಿಯರು ಬಿಟ್ಟುಹೋದ ಸ್ವತ್ತು. ತಾತನ ಕಾಲದ ಕಂಚಿನ ದೀಪ ಇರತ್ತಲ್ಲ, ಹಾಗೆ. ಐ ಆಮ್ ಲೆಗಸಿ ಅನ್ನು. ಪೂರ್ವಿಕರ ದೀಪಾನ ಯಾರಾದ್ರೂ ಪ್ಲಾಟ್‌ಫಾರಂ ಮೇಲೆ ಇಡ್ತಾರಾ?"

ಇಡುವುದಿಲ್ಲ ಎಂದು ತಿರುಮಲನಿಗೂ ಅನ್ನಿಸಿತು.

ಅಡ್ಯಾರಿನಲ್ಲಿ ಬಸ್ಸು ಬದಲಾಯಿಸಿ, ಕಂಬಿ ಹಿಡಿದು ನೇತಾಡುತ್ತ, ಪದಗಳನ್ನು ಜಪ ಮಾಡಿಕೊಂಡೇ ಹೋದ. ಬಿಳಿ ಷರ್ಟು ಬೆವರಿಗೆ ಬೆನ್ನಿಗಂಟಿ, ಒಳಗಿನ ಜನಿವಾರ ದಾರಿಯ ನಕ್ಷೆಯಂತೆ ಕಾಣುತ್ತಿತ್ತು. ಕಂಡಕ್ಟರು ಬಂದು ಎಲ್ಲಿಗೆ ಎಂದು ಕೇಳಿದ.

"ಸಿನರ್ಜಿ," ಎಂದ ತಿರುಮಲ.

ಕಂಡಕ್ಟರು ಕಿವಿಯಿಂದ ಪೆನ್ಸಿಲು ತೆಗೆದು ಸ್ವಲ್ಪ ಯೋಚಿಸಿದ. "ಆ ಸ್ಟಾಪಿಂಗ್ ಈ ರೂಟ್ಲೆ ಇಲ್ಲೆ ಸಾರ್. ಹೊಸಾ ಕಂಪನೀನಾ? ಪೆರುಂಗುಡಿಯಿಲೆ ಇಳಿದು ಕೇಳುಂಗೊ."

ಹೀಗೆ ಅವನು ಪೆರುಂಗುಡಿಯಲ್ಲೇ ಇಳಿದ. ಗಾಜಿನ ಬಾಗಿಲನ್ನು ಎಳೆಯಬೇಕಾದಲ್ಲಿ ತಳ್ಳಿ, ತಳ್ಳಬೇಕಾದಲ್ಲಿ ಎಳೆದು ಒದ್ದಾಡುತ್ತಿದ್ದವನನ್ನು ಕೊನೆಗೆ ಯಾರೋ ಬಂದು ಒಳಗೆ ಬಿಟ್ಟುಕೊಂಡರು. ಏಸಿಯ ಚಳಿಗೆ ಒದ್ದೆ ಷರ್ಟು ಐಸಿನಂತಾಯಿತು. ಸೋಫಾದ ತುದಿಯಲ್ಲಿ ಹಳೇ ಆಫೀಸಿನ ಗುರುಚರಣ ಬಿಳಿಚಿಕೊಂಡು ಕೂತಿದ್ದ. ಅವನನ್ನೂ ಕರೆಸಿದ್ದರು. ಇಬ್ಬರೂ ಆಪರೇಷನ್ ಥಿಯೇಟರಿನ ಹೊರಗೆ ಕೂತವರಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ತಿರುಮಲನಿಗೇ ಮೊದಲು ಕರೆ ಬಂತು. ಮ್ಯಾನೇಜರ್ ವಂದನಾ ಅವನ ಮಗಳಿಗಿಂತ ಏಳೆಂಟು ವರ್ಷ ದೊಡ್ಡವಳಿರಬಹುದು. ನಗುತ್ತ ಕೂರಿಸಿದಳು. ಅವಳ ಇಂಗ್ಲಿಷು ಎಕ್ಸ್‌ಪ್ರೆಸ್ ಗಾಡಿ. ತಿರುಮಲನ ತಲೆ ಪ್ರತಿ ಸ್ಟೇಷನ್ನಿನಲ್ಲೂ ನಿಲ್ಲುವ ಪ್ಯಾಸೆಂಜರು.

"ಸೋ ಮಿಸ್ಟರ್ ತಿರುಮಲ, ಮಂಡೇಯಿಂದ ನ್ಯೂ ಪ್ಲಾಟ್‌ಫಾರಂ. ಖುಷಿಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಖುಷಿಯಾ ಅಂತೆ. "ನೋ ಮೇಡಂ. ಮೈ ವೈಫ್ ಈಸ್ ಕ್ರೈಯಿಂಗ್."

ವಂದನಾಳ ನಗು ಸ್ವಲ್ಪ ಹಿಂದೆ ಸರಿಯಿತು. ಭಯ ಬೇಡ, ಟ್ರೈನಿಂಗ್ ಕೊಡುತ್ತೇವೆ ಎಂದಳು.

ಪ್ಲಾಟ್‌ಫಾರಂ ಮೇಲೆ ಕೂರುವುದಕ್ಕೆ ಟ್ರೈನಿಂಗು. ಇವರು ಎಂಥ ಜನ ಎಂದುಕೊಂಡ ತಿರುಮಲ.

"ಸಿಂಗಾಪುರದಲ್ಲಿ," ಎಂದು ಸೇರಿಸಿದಳು ವಂದನಾ. "ಎರಡು ವಾರ."

ಅಲ್ಲಿಗೆ ತಿರುಮಲನ ಎದೆ ಒಡೆಯಿತು. ಪುರಸೈವಾಕ್ಕಂ ಪ್ಲಾಟ್‌ಫಾರಂ ಆದರೆ ಅಂಬುಜಾ ಮಧ್ಯಾಹ್ನಕ್ಕೆ ಮೊಸರನ್ನವಾದರೂ ತಂದುಕೊಟ್ಟಾಳು. ಸಿಂಗಾಪುರದ ಪ್ಲಾಟ್‌ಫಾರಂ ಎಷ್ಟು ಚೊಕ್ಕಟವಾಗಿದ್ದರೇನು, ಮೊಸರನ್ನ ಯಾರು ತರುತ್ತಾರೆ? ಅವನು ಎದ್ದು ನಿಂತ. ಎರಡೂ ಕೈ ತಾವಾಗಿಯೇ ಜೋಡಿಸಿಕೊಂಡವು.

"ಮೇಡಂ. ನೋ ಪ್ಲಾಟ್‌ಫಾರಂ. ಐ ಆಮ್ ಲೆಗಸಿ."

ವಂದನಾ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. ಅವಳ ಕಂಪ್ಯೂಟರ್ ಲೋಕದಲ್ಲಿ ಲೆಗಸಿ ಎಂದರೆ ಕಂಚಿನ ದೀಪವಲ್ಲ. ಹಳತಾಗಿ, ಎತ್ತಿ ಆಚೆ ಹಾಕುವ ತನಕ ಹೇಗೋ ನಡೆಯುತ್ತಿರುವ ಸಾಮಾನಿಗೆ ಅಲ್ಲಿ ಆ ಹೆಸರು.

"ನೀವೇ ಹೇಳ್ತಿದ್ದೀರಾ? ಲೆಗಸಿ ಅಂತ?"

"ಯೆಸ್ ಮೇಡಂ. ಫುಲ್ ಲೆಗಸಿ. ಮೈ ಗ್ರ್ಯಾಂಡ್‌ಫಾದರ್ ಆಲ್ಸೋ." ಅವಳ ಮುಖ ಮೆತ್ತಗಾದದ್ದು ಕಂಡು ಅವನಿಗೆ ಧೈರ್ಯ ಬಂತು. "ಟಿಲ್ ರಿಟೈರ್ಮೆಂಟ್, ಲೆಗಸಿ ಓನ್ಲಿ. ನೋ ಇನ್ನೋವೇಶನ್ ಪ್ಲೀಸ್."

ವಂದನಾ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ, ಈ ಕಂಪನಿಯಲ್ಲಿ ಇಷ್ಟು ಪ್ರಾಮಾಣಿಕವಾಗಿ ಮಾತಾಡಿದವರನ್ನು ಇವತ್ತೇ ಕಂಡೆ ಎಂದಳು. ಬೇರೆಯವರೆಲ್ಲ ಬರದಿದ್ದರೂ ಬರುತ್ತದೆ ಎನ್ನುತ್ತಾರಂತೆ. ತಿರುಮಲನಂಥವರನ್ನು ಕಳೆದುಕೊಳ್ಳುವುದು ಸರಿಯಲ್ಲವಂತೆ. ಪ್ಯಾರೀಸ್ ಕಾರ್ನರಿನ ಹಳೇ ಗಿರಾಕಿಗಳನ್ನು ನೋಡಿಕೊಳ್ಳಲು ಒಂದು ಹುದ್ದೆ ಇದೆ, ಅಲ್ಲೇ ಇರುತ್ತೀರಾ ಎಂದು ಕೇಳಿದಳು.

"ಅಲ್ಲೇನಾ ಮೇಡಂ? ನನ್ನ ಕುರ್ಚೀನಾ?" ಗಾಬರಿಯಲ್ಲಿ ಕನ್ನಡವೇ ಬಂದುಬಿಟ್ಟಿತು, ಕೈ ಎದುರಿನ ಕುರ್ಚಿಯನ್ನು ತೋರಿಸಿತು.

"ಚೇರ್? ಯೆಸ್, ಸೇಮ್ ಚೇರ್. ಔಟ್‌ರೀಚ್ ಎಕ್ಸಿಕ್ಯೂಟಿವ್. ಸಂಬಳ ಈಗಿರೋದೇ. ಹೋಗ್ತಾ ಸೀಟು ನೋಡಿಕೊಂಡೇ ಹೋಗಿ, ವಾಚ್‌ಮನ್ ತೋರಿಸ್ತಾನೆ."

ಎಕ್ಸಿಕ್ಯೂಟಿವ್. ತಿರುಮಲ ಅವಳ ಕೈ ಕುಲುಕಿದ. "ಥ್ಯಾಂಕ್ಯೂ ಮೇಡಂ. ಸಿನರ್ಜಿ," ಎಂದು ಹೇಳಿ, ಗಾಜಿನ ಬಾಗಿಲನ್ನು ಸರಿಯಾಗಿ ಎಳೆದುಕೊಂಡೇ ಹೊರಗೆ ಬಂದ.

ಹಿಂದೆಯೇ ಗುರುಚರಣನಿಗೆ ಕರೆ ಬಂತು. ತನಗೆ ತಪ್ಪಿದ ಪ್ಲಾಟ್‌ಫಾರಂ ಈ ಬಡಪಾಯಿಗೆ ಅಂಟಿತು ಎಂದು ತಿರುಮಲ ಮರುಗಿದ. ಒಂದು ಸಾಂತ್ವನದ ಮಾತಾದರೂ ಆಡಿ ಹೋಗೋಣ ಎಂದು ಸೋಫಾದ ಮೇಲೆ ಕಾದ.

ಹೊರಗೆ ಬಂದ ಗುರುಚರಣನ ಮುಖ ಎಣ್ಣೆ ಸ್ನಾನ ಮಾಡಿದಂತೆ ಹೊಳೆಯುತ್ತಿತ್ತು.

"ತಿರುಮಲ, ಪಾಸ್‌ಪೋರ್ಟ್ ಮಾಡಿಸೋಕೆ ತುಂಬ ದಿನ ಹಿಡಿಯತ್ತಾ?"

"ಧೈರ್ಯವಾಗಿರು ಗುರು. ಪ್ಲಾಟ್‌ಫಾರಂ ಮೇಲೂ ಜನ ಬದುಕ್ತಾರೆ."

"ಬದುಕೋದೇನು, ಪ್ರಮೋಷನ್ನಯ್ಯಾ. ಹೊಸ ಕಂಪ್ಯೂಟರ್ ಪ್ರೋಗ್ರಾಂ. ಕಸ್ಟಮ್ಸ್ ಕೆಲಸ ಎಲ್ಲ ಇನ್ಮೇಲೆ ಅದರಲ್ಲೇ. ಅದಕ್ಕೇ ಪ್ಲಾಟ್‌ಫಾರಂ ಅಂತಾರೆ. ನಾನೇ ಅದರ ಹೆಡ್ಡು." ಗುರುಚರಣ ಬಗ್ಗಿ ಕಿವಿಯಲ್ಲಿ ಹೇಳಿದ: "ಮೊದಲು ಯಾರಿಗೋ ಕೊಟ್ಟಿದ್ದರಂತೆ. ಬೇಡ ಅಂದನಂತೆ, ಪುಣ್ಯಾತ್ಮ. ಯಾರಿರಬಹುದು?"

ತಿರುಮಲನಿಗೆ ಸೋಫಾ ತನ್ನನ್ನು ಒಳಕ್ಕೆ ಎಳೆದುಕೊಳ್ಳುತ್ತಿದೆ ಅನ್ನಿಸಿತು. ವಾಪಸ್ಸು ಒಳಗೆ ಹೋಗಿ ಹೇಳಿಬಿಡೋಣವೇ? ಏನಂತ? ಪ್ಲಾಟ್‌ಫಾರಂ ಅಂದರೆ ಫುಟ್‌ಪಾತು ಅಂದುಕೊಂಡೆ ಅಂತಲೇ? ಗಾಜಿನಾಚೆ ವಂದನಾ ಆಗಲೇ ಯಾರ ಜೊತೆಗೋ ಫೋನಿನಲ್ಲಿ ನಗುತ್ತಿದ್ದಳು. ಗುರುಚರಣ ಅವನ ಕೈ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡು, ಎರಡು ಹೆಣ್ಣುಮಕ್ಕಳ ಮದುವೆ ಹೇಗೆ ಮಾಡಲಿ ಅಂತಿದ್ದೆ ಮಾರಾಯ ಎಂದ. ತಿರುಮಲ ಅವನ ಬೆನ್ನು ತಟ್ಟಿ ಬಸ್ ಸ್ಟಾಪಿನ ಕಡೆ ನಡೆದ.

ಪ್ಯಾರೀಸ್ ಕಾರ್ನರಿನ ಬಸ್ಸಿನಲ್ಲಿ ಅವನು ಮನಸ್ಸಿಗೆ ಬುದ್ಧಿ ಹೇಳಿಕೊಳ್ಳುತ್ತ ಬಂದ. ಕೆಲಸ ಉಳಿಯಿತಲ್ಲ. ಕುರ್ಚಿ ಉಳಿಯಿತಲ್ಲ. ಅದೂ ಬರೀ ಗುಮಾಸ್ತೆಯಾಗಿ ಅಲ್ಲ, ಔಟ್‌ರೀಚ್ ಎಕ್ಸಿಕ್ಯೂಟಿವ್. ಔಟ್‌ರೀಚ್ ಎಂಬ ಪದ ವಿಷ್ಣುತೀರ್ಥ ಮಾಮನ ಪಾಠದಲ್ಲಿ ಬಂದಿರಲಿಲ್ಲ. ಆದರೆ ಕೇಳಲು ಗತ್ತಾಗಿತ್ತು.

ಇಳಿಬಿಸಿಲಿನಲ್ಲಿ ಹಳೇ ಆಫೀಸಿನ ಬಾಗಿಲಿಗೆ ದೊಡ್ಡ ಬೀಗ ನೇತಾಡುತ್ತಿತ್ತು. ಹಳೇ ವಾಚ್‌ಮನ್ ಮುನುಸ್ವಾಮಿ ಸೆಲ್ಯೂಟ್ ಹೊಡೆದು ಎದ್ದ.

"ಒಳಗೆ ಹೋಗಬೇಕಿತ್ತಲ್ಲ ಮುನುಸ್ವಾಮಿ. ನನ್ನ ಸೀಟು."

"ಉಳ್ಳೆ ಏನೂ ಇಲ್ಲೆ ಸಾರ್. ಕಟ್ಟಡ ಓನರಿಗೆ ವಾಪಸ್ ಕೊಟ್ಟಾಚು. ಮೇಡಂ ಹೇಳಿ ಕಳಿಸಿದ್ರು, ನಿಮ್ಮ ಸೀಟು ಇಲ್ಲಿ."

ಮುನುಸ್ವಾಮಿ ಕೈ ತೋರಿಸಿದ ಕಡೆ ತಿರುಮಲ ನೋಡಿದ. ಗೇಟಿನ ಪಕ್ಕ ಫುಟ್‌ಪಾತಿನ ಮೇಲೆ, ಬೆಲ್ಟು ಮಾರುವವನಿಗೂ ಕಬ್ಬಿನ ಹಾಲಿನ ಗಾಡಿಗೂ ನಡುವೆ, ಕಂಪನಿಯ ಹೆಸರು ಬರೆದ ದೊಡ್ಡ ಛತ್ರಿ ನೆಟ್ಟಿದ್ದರು. ಅದರ ಕೆಳಗೆ ಮಡಚುವ ಮೇಜು. ಮೇಜಿನ ಹಿಂದೆ ಅವನ ಕುರ್ಚಿ. ಕುರ್ಚಿಯ ಮೇಲೆ ಅಂಬುಜಾ ಹೊಲಿದ ದಿಂಬು. ದಿಂಬಿನ ಮೇಲೆ ಒಂದು ಬೀದಿನಾಯಿ ಸುತ್ತಿಕೊಂಡು ಮಲಗಿತ್ತು.

"ಹೊರಗಾ?" ಎಂದ ತಿರುಮಲ.

"ಔಟ್‌ರೀಚ್ ತಾನೆ ಸಾರ್," ಎಂದ ಮುನುಸ್ವಾಮಿ, ಮಗುವಿಗೆ ಹೇಳುವ ಹಾಗೆ. "ಔಟ್ ಅಂದಾ ವೆಳಿಯೆ, ಹೊರಗೆ."

ವಠಾರಕ್ಕೆ ಮರಳಿದಾಗ ಅಂಗಳದಲ್ಲಿ ಎಲ್ಲರೂ ಕಾಯುತ್ತಿದ್ದರು. ಅಂಬುಜಾ ದೇವರಿಗೆ ತುಪ್ಪದ ದೀಪ ಹಚ್ಚಿ ಬಂದಿದ್ದಳು. ಕಾಲೇಜಿನಿಂದ ಬಂದಿದ್ದ ವೃಂದಾ ಅಪ್ಪನ ಮುಖ ನೋಡಿ ಏನೋ ಹೇಳಹೊರಟು, ಬೆಳಿಗ್ಗೆ ಬೈಸಿಕೊಂಡದ್ದು ನೆನಪಾಗಿ ಸುಮ್ಮನಾದಳು.

"ಲೆಗಸಿ ಪ್ರಯೋಗ ಮಾಡಿದೆಯೋ?" ಮಹಡಿ ಮೆಟ್ಟಿಲಿಂದಲೇ ವಿಷ್ಣುತೀರ್ಥ ಮಾಮ ಕೇಳಿದರು.

"ಮಾಡಿದೆ ಮಾಮ."

"ಫಲಿಸಿತಾ?"

"ತುಂಬ ಚೆನ್ನಾಗಿ ಫಲಿಸಿತು. ಎಕ್ಸಿಕ್ಯೂಟಿವ್ ಮಾಡಿದ್ದಾರೆ."

ಮಾಮ ವಠಾರದವರ ಕಡೆಗೆಲ್ಲ ಒಮ್ಮೆ ಹೆಮ್ಮೆಯಿಂದ ಕಣ್ಣು ಹಾಯಿಸಿದರು. ಅಂಬುಜಾ ಕಣ್ಣೊರೆಸಿಕೊಂಡಳು. ಜಯಲಕ್ಷ್ಮಿ ಮಾಮಿಗೆ ಮಾತ್ರ ಸಮಾಧಾನವಾಗಲಿಲ್ಲ. ತಮ್ಮ ಫೋನಿನಲ್ಲಿ ಬಂದ ಸುದ್ದಿ ಇದುವರೆಗೆ ಸುಳ್ಳಾದದ್ದೇ ಇರಲಿಲ್ಲ.

"ಹಾಗಾದ್ರೆ ಸೋಮವಾರದಿಂದ ಕೆಲಸ ಎಲ್ಲಿ?"

ತಿರುಮಲ ಚಪ್ಪಲಿ ಬಿಟ್ಟು, ಹೊಸ್ತಿಲ ಮೇಲೆ ಕೂತು, ನಡೆದದ್ದಷ್ಟನ್ನೂ ಹೇಳಿದ. ಯಾರೂ ನಗಲಿಲ್ಲ. ಮಾಮಿ ಒಂದು ಲೋಟ ಮಜ್ಜಿಗೆ ತಂದು ಅವನ ಕೈಗಿಟ್ಟು, ಅವನು ಪೂರ್ತಿ ಕುಡಿಯುವ ತನಕ ಕಾದರು. ಆಮೇಲೆ ಮೆಲ್ಲಗೆ ಕೇಳಿದರು:

"ಟೈಲ್ಸ್ ಹಾಕಿದ್ದಾರಾ?"

"ಇಲ್ಲ ಮಾಮಿ," ಎಂದ ತಿರುಮಲ.

"ಸುದ್ದಿಯಲ್ಲಿ ಅದೊಂದೇ ನಾನು ಕೈಯಿಂದ ಸೇರಿಸಿದ್ದು," ಎಂದರು ಮಾಮಿ.