ನಾನು ಹೋಗದ ತಾಂಜಾನಿಯ

ಹೊರಟವರಿಗೆ ಬೀಳ್ಕೊಡುಗೆಯಿದೆ, ಬಂದವರಿಗೆ ಸ್ವಾಗತವಿದೆ. ಬೀಳ್ಕೊಡುಗೆ ಮಾಡಿಸಿಕೊಂಡು ಮನೆಯಲ್ಲೇ ಉಳಿದವನನ್ನು ಏನು ಮಾಡಬೇಕೆಂದು ನಮ್ಮ ಸಮಾಜ ಇನ್ನೂ ತೀರ್ಮಾನಿಸಿಲ್ಲ. ಹಾಸನದಲ್ಲಿ ಹೈನುಗಾರರಿಗೆ ಮೇವಿನ ಪಾಠ ಹೇಳುವುದು ನನ್ನ ಕೆಲಸ. ಅಭಿವೃದ್ಧಿಶೀಲ ದೇಶಗಳು ತಮ್ಮತಮ್ಮಲ್ಲೇ ಕಲಿತು ಕಲಿಸಲಿ ಎಂಬ ಯೋಜನೆಯೊಂದರಲ್ಲಿ ನನ್ನನ್ನು ತಾಂಜಾನಿಯಕ್ಕೆ ಆರಿಸಿದರು. ಹಸಿ ಜೋಳದ ಮೇವನ್ನು ಕತ್ತರಿಸಿ, ಗುಂಡಿಯಲ್ಲಿ ತುಳಿದು, ಗಾಳಿಯಾಡದಂತೆ ಮುಚ್ಚಿ ಬೇಸಿಗೆಗೆ ಉಳಿಸುವ ರಸಮೇವನ್ನು ಅಲ್ಲಿನ ಹೆಂಗಸರ ಹಾಲಿನ ಸಂಘಕ್ಕೆ ಕಲಿಸಬೇಕಿತ್ತು. ಅರಕಲಗೂಡಿನ ಮಾವನ ಮನೆಯವರು ಶಾಲು ಹೊದಿಸಿದರು. ಚನ್ನರಾಯಪಟ್ಟಣದ ಸಹಪಾಠಿಗಳು ಹಾರ ಹಾಕಿದರು. ಹೊಳೆನರಸೀಪುರದಲ್ಲಿ ಅರ್ಚಕರಾಗಿರುವ ಚಿಕ್ಕಪ್ಪ, ಅಲ್ಲಿನ ಸಿಂಹಗಳಿಂದ ನನ್ನನ್ನು ಕಾಪಾಡೆಂದು ನರಸಿಂಹಸ್ವಾಮಿಗೇ ಅರ್ಚನೆ ಮಾಡಿದರು. ಚುಚ್ಚುಮದ್ದೂ ಆಯಿತು. ಆಮೇಲೆ ಚಿಕ್ಕದೊಂದು ಈಮೇಲ್ ಬಂತು: ಯೋಜನೆ ನಿಂತಿದೆ. ಕಾರಣ ಕೇಳಲು ಯಾರನ್ನು ಹಿಡಿಯಬೇಕೋ ತಿಳಿಯಲಿಲ್ಲ.

ಹಾಲಿಗೆ ಹೋದರೆ ಅಂಗಡಿಯವನು, "ಇಷ್ಟ್ ಬ್ಯಾಗ ಬಂದ್ಬುಟ್ರಾ ಸಾ? ಊಟ ಸರಿಯೋಗ್ನಿಲ್ವಾ?" ಎಂದ. ಮಾರನೆಯ ದಿನದಿಂದ ಹಾಲಿಗೆ ನನ್ನ ಹೆಂಡತಿ ಶಾರದೆ ಹೋಗತೊಡಗಿದಳು.

ನಾನು ಅಡಗಿ ಕೂತರೂ ತಾಂಜಾನಿಯದ ಜೋಳ ಬೆಳೆಯುವುದನ್ನು ನಿಲ್ಲಿಸಲಿಲ್ಲ. ಆ ಸಂಘದ ಕಾರ್ಯದರ್ಶಿ ನೀಮಾ ಫೋನ್ ಮಾಡಿ, "ಗುಂಡಿ ತೋಡಿದ್ದೇವೆ, ಬೆಳೆ ಕೊಯ್ಲಿಗೆ ಬಂದಿದೆ. ಫೋನಿನಲ್ಲೇ ಹೇಳಿಕೊಡಿ" ಎಂದರು. ಶಾಂತಿಗ್ರಾಮದ ರಂಗೇಗೌಡರ ಕೊಟ್ಟಿಗೆಯಲ್ಲಿ ಪ್ರತಿವರ್ಷ ರಸಮೇವು ಆಗುತ್ತದೆ. ಅಲ್ಲಿಗೆ ಹೋಗಿ, ವಿಡಿಯೊ ಕರೆ ಮಾಡಿ ಶಾರದೆಯ ಕೈಗೆ ಫೋನ್ ಕೊಟ್ಟು, ಗುಂಡಿಗಿಳಿದು ತುಳಿದು ತೋರಿಸಿದೆ. ಅತ್ತ ಹೆಂಗಸರು ಹಾಡುತ್ತಾ ತುಳಿದರು. "ರೀ, ಅವರು ನಿಮಗಿಂತ ಚೆನ್ನಾಗಿ ತುಳೀತಿದಾರೆ" ಎಂದಳು ಶಾರದೆ. ವೀಸಾ ಇಲ್ಲದೆಯೇ ನನ್ನ ವಿದ್ಯೆ ಸಮುದ್ರ ದಾಟಿತೆಂದು ಬೀಗಿದೆ.

ಕೆಲವು ವಾರಗಳ ನಂತರ, ನೀಮಾ ಅವರ ಗುಂಡಿ ತೆರೆಯುವ ದಿನ, ಮತ್ತೆ ರಂಗೇಗೌಡರ ಕೊಟ್ಟಿಗೆಯಲ್ಲೇ ಕೂತು ಫೋನಿನಲ್ಲಿ ನೋಡಿದೆವು. ಮುಚ್ಚಿದ್ದ ಪ್ಲಾಸ್ಟಿಕ್ ಎಲ್ಲೋ ಹರಿದು ಮಳೆನೀರು ಇಳಿದಿತ್ತು. ಮೇವೆಲ್ಲ ಕಪ್ಪಗೆ ಬೂಸ್ಟು ಹಿಡಿದಿತ್ತು. ಹಸುಗಳು ಮೂಸಿ ಮುಖ ತಿರುಗಿಸಿದವು. ಬೇಸಿಗೆಗೆಂದು ಅವರಲ್ಲಿದ್ದ ಮೇವು ಅಷ್ಟೇ. ನಾನು ಇಂಗ್ಲಿಷಿನಲ್ಲಿ ಏನೇನೋ ಸಮಾಧಾನ ಹೇಳುತ್ತಿದ್ದೆ. ರಂಗೇಗೌಡರು ಬಗ್ಗಿ ನೋಡಿ, "ಅಯ್ಯೋ, ನಮ್ದೂ ಮೊದಲ್ನೇ ವರ್ಸ ಇಂಗೇ ಕೊಳ್ತೋಗಿತ್ತು ಕಣ್ ಸಾ. ಇಡೀ ಗುಂಡಿ ತಿಪ್ಪೆಗೆ ಸುರುದ್ವಿ. ಆ ಯಮ್ಮಂಗೆ ಯೋಳಿ, ಪಾಪ, ಒಬ್ಳದೇ ಇಂಗಾಯ್ತು ಅಂದ್ಕಂಡಾಳು" ಎಂದರು.

ಹೇಳಿದೆ. ನೀಮಾ ಕೇಳಿದರು: "ಇದನ್ನು ಮೊದಲೇ ಯಾಕೆ ಹೇಳಲಿಲ್ಲ? ಒಂದು ಮೂಲೆಯಲ್ಲಿ ಸ್ವಲ್ಪ ಮಾಡಿ ನೋಡುತ್ತಿದ್ದೆವು. ಊರಿನ ಜೋಳವನ್ನೆಲ್ಲ ಹಾಕುತ್ತಿರಲಿಲ್ಲ."

ನಾನು ಸಿಗ್ನಲ್ ಕೆಟ್ಟಿತೆಂಬಂತೆ "ಹಲೋ, ಹಲೋ" ಎಂದೆ. ಸಿಗ್ನಲ್ ಚೆನ್ನಾಗಿಯೇ ಇತ್ತು. ಬೇಸಿಗೆಯಲ್ಲಿ ನೀಮಾ ತಮ್ಮ ಹಸು ಮಾರಿದ ಸುದ್ದಿ ಬಂತು, ಜೊತೆಗೆ ಆ ಕೊಳೆತ ಗುಂಡಿಯ ಫೋಟೋ. "ನಿಮ್ಮ ಊರಿನವರಿಗೆ ತೋರಿಸಿ" ಎಂದು ಬರೆದಿದ್ದರು. ಆಮೇಲೆ ಅವರ ಫೋನಿಲ್ಲ. ನಾನೂ ಮಾಡಿಲ್ಲ; ಏನೆಂದು ಮಾಡಲಿ?

ಮೊನ್ನೆ ನುಗ್ಗೇಹಳ್ಳಿ ಕಡೆಯ ರೈತರ ತಂಡ ತರಬೇತಿಗೆ ಬಂತು. ಆ ಫೋಟೋವನ್ನೇ ಪಾಠದ ಮೊದಲ ಚಿತ್ರವಾಗಿ ಹಾಕಿಕೊಂಡಿದ್ದೆ. ಮೇಲಧಿಕಾರಿಗಳು ಇಣುಕಿ ನೋಡಿ, "ಏನ್ರೀ ಇದು, ಶುರುವಿನಲ್ಲೇ ಕೊಳೆತದ್ದು? ತೆಗೀರಿ" ಎಂದರು. ತೆಗೆದೆ. ಅವರು ರೈತರ ಕಡೆ ತಿರುಗಿ, ಇವರು ಆಫ್ರಿಕಾದವರಿಗೂ ರಸಮೇವು ಕಲಿಸಿದವರು ಎಂದು ನನ್ನನ್ನು ಪರಿಚಯಿಸಿ ಹೊರಟುಹೋದರು. ಫೋಟೋವನ್ನು ಮತ್ತೆ ಹಾಕಬಹುದಿತ್ತು. ಆದರೆ ಅಷ್ಟರಲ್ಲಿ ರೈತರು ಚಪ್ಪಾಳೆ ತಟ್ಟುತ್ತಿದ್ದರು. ಅದು ನಿಲ್ಲುವವರೆಗೆ ಕೈಮುಗಿದು ನಿಂತಿದ್ದು, ಎರಡನೆಯ ಚಿತ್ರದಿಂದ ಪಾಠ ಶುರುಮಾಡಿದೆ.