ಕಂಬಳಿ ಹೊದ್ದ ಟಿ.ವಿ.

ಮಾರುವವನು ಹೇಳುವ ಗುಣ ಒಂದು, ಮನೆಗೆ ಬಂದ ಮೇಲೆ ಕಾಣುವ ಗುಣ ಇನ್ನೊಂದು. ಎಮ್ಮೆಗೂ ಇದೇ ಮಾತು, ಸೊಸೆಗೂ ಇದೇ ಮಾತು. ನನ್ನನ್ನು ಕೊಡುವಾಗ ನಮ್ಮಪ್ಪ, "ನಮ್ಮ ಹುಡುಗಿ ಬಾಯೇ ಬಿಡಲ್ಲ" ಎಂದು ಬೀಗರಿಗೆ ಹೇಳಿದ್ದ. ಬೀಗರು ನಂಬಿದರು. ಅದು ನನ್ನ ತಪ್ಪಲ್ಲ. ಆದ್ದರಿಂದ ನನ್ನ ಮಗ ಮಂಜ ಒಂದು ಟಿ.ವಿ. ತಂದು ಅದರ ಗುಣಗಾನ ಶುರುಮಾಡಿದಾಗ ನಾನು ತಲೆ ಎತ್ತದೆ ಅವರೆಕಾಯಿ ಸುಲಿಯುತ್ತಿದ್ದೆ.

ಮಂಜ ದೇವನಹಳ್ಳಿ ಹತ್ತಿರದ ಒಂದು ಹೋಟೆಲಿನಲ್ಲಿ ಕರೆಂಟು ಕೆಲಸ ಮಾಡುತ್ತಾನೆ. ಅಲ್ಲಿ ರೂಮಿಗೆಲ್ಲ ತೆಳ್ಳನೆಯ ಹೊಸ ಟಿ.ವಿ. ಹಾಕಿಸಿ ಹಳೆಯವನ್ನು ಕೆಲಸದವರಿಗೆ ಕೊಟ್ಟರಂತೆ. ಇವನ ಪಾಲಿಗೆ ಬಂದದ್ದು ಪ್ಲಾಸ್ಮಾ. ತೂಬಗೆರೆಯ ನಮ್ಮ ಮನೆಯೊಳಗೆ ಅದನ್ನು ತರಲು ನಾಲ್ಕು ಜನ ಬೇಕಾಯಿತು. ನನ್ನ ಗಂಡನನ್ನು ಹೊತ್ತವರೂ ನಾಲ್ಕೇ ಜನ; ಅವರು ಇಷ್ಟು ಏದುಸಿರು ಬಿಟ್ಟಿರಲಿಲ್ಲ. "ಎಚ್‌ಡಿ ಕಣವ್ವ! ಇರುವೆ ಬಂದ್ರೆ ಅದರ ಕಾಲು ಎಣಿಸ್ಬೋದು" ಎಂದ ಮಂಜ. "ಇರುವೆ ನೋಡಕ್ಕೆ ಟಿ.ವಿ. ಯಾಕಪ್ಪಾ, ಸಕ್ಕರೆ ಡಬ್ಬಿ ಐತಲ್ಲ" ಎಂದೆ.

ಕಾಣುವುದೇನೋ ನಿಜ. ಧಾರಾವಾಹಿಯ ಸಾಹುಕಾರನ ಹೆಂಡತಿ ಉಟ್ಟಿದ್ದು ರೇಷ್ಮೆಯಲ್ಲ, ಪಾಲಿಯೆಸ್ಟರು ಎಂದು ಮೊದಲ ದಿನವೇ ಗೊತ್ತಾಗಿಹೋಯಿತು. ಮದುವೆಯಾಗಿ ಬಂದಾಗಿನಿಂದ ರೇಷ್ಮೆಹುಳು ಸಾಕಿದವಳು ನಾನು, ದಾರದ ಹೊಳಪು ನನಗೆ ಸುಳ್ಳು ಹೇಳುವುದಿಲ್ಲ. ಅವಳು ಸೊಸೆಯ ಮೇಲೆ, ನಮ್ಮ ಅಂತಸ್ತೇನು, ನಿನ್ನ ಅಂತಸ್ತೇನು ಎಂದು ಹಾರಾಡಿದಾಗಲೆಲ್ಲ ನನಗೆ ನಗು ಬರುತ್ತಿತ್ತು. ಸೊಸೆಯ ಹತ್ತಿಸೀರೆಯೇ ವಾಸಿ.

ಪಕ್ಕದ ಮನೆಯಲ್ಲಿ ನನ್ನ ವಾರಗಿತ್ತಿ ಪುಟ್ಟಮ್ಮ ಇದ್ದಾಳೆ; ಅವಳೂ ಹುಳು ಸಾಕುತ್ತಾಳೆ. ಅವಳದು ಕ್ಯಾಲೆಂಡರಿನಂತೆ ಗೋಡೆಗೆ ನೇತುಬಿಟ್ಟ ಹೊಸ ಟಿ.ವಿ. ನಮ್ಮದನ್ನು ನೋಡಲು ಬಂದವಳು ಹಿಂದುಗಡೆ ಕೈಯಿಟ್ಟು ಸರಕ್ಕನೆ ಎಳೆದುಕೊಂಡಳು. "ಅಯ್ಯೋ ಅಕ್ಕಾ, ಇದೇನು ಟಿ.ವಿ.ನಾ, ರೊಟ್ಟಿ ಹಂಚಾ? ನಮ್ಮದು ಎಷ್ಟು ಹೊತ್ತು ಹಾಕಿದ್ರೂ ತಣ್ಣಗಿರ್ತದೆ." "ಮಿಕ್ಕಿದ ಮುದ್ದೇನೂ ತಣ್ಣಗೇ ಇರ್ತದೆ ಕಣೆ" ಎಂದು ಅವಳ ಬಾಯಿ ಮುಚ್ಚಿಸಿದೆ. ಆದರೆ ಅವಳು ಹೋದ ಮೇಲೆ ನಾನೂ ಹಿಂದೆ ಮುಂದೆ ಕೈಯಿಟ್ಟು ನೋಡಿದೆ. ಹಿತವಾದ ಒಣ ಬಿಸಿ.

ಪುಷ್ಯಮಾಸದ ಚಳಿ. ನನ್ನ ಹುಳುಗಳು ಮೂರನೇ ಜ್ವರಕ್ಕೆ ಕೂರುವ ಹೊತ್ತು. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿ ಮಲಗಿ, ಪೊರೆ ಕಳಚಿ ಏಳುವುದು. ಆಗ ಬೆಚ್ಚಗಿದ್ದರೆ ಎಲ್ಲವೂ ಒಟ್ಟಿಗೆ ಏಳುತ್ತವೆ. ಹೋದ ವರ್ಷ ಶೀಟು ಹೊದಿಸಿದ ಹುಳುಮನೆಯ ಚಳಿಗೆ ಅರ್ಧ ಎದ್ದು, ಅರ್ಧ ಏಳದೆ, ಇಡೀ ಬೆಳೆಯನ್ನು ತಿಪ್ಪೆಗೆ ಸುರಿದಿದ್ದೆ. "ಈ ಸಲಾನೂ ಹಿಂಗಾದ್ರೆ ಹುಳುಮನೆ ಕೆಡವಿ ಕಾರು ನಿಲ್ಸಕ್ಕೆ ಜಾಗ ಮಾಡ್ತೀನಿ" ಎಂದು ಮಂಜ ಹೇಳಿಬಿಟ್ಟಿದ್ದ. ಕಾರು ಇನ್ನೂ ಬಂದಿಲ್ಲ, ಜಾಗ ಮಾತ್ರ ಅವಸರ. ನಾನು ಹುಳುವಿದ್ದ ಬಿದಿರಿನ ತಟ್ಟೆಗಳನ್ನೆಲ್ಲ ತಂದು ಟಿ.ವಿ. ಮುಂದೆ ಸ್ಟ್ಯಾಂಡಿಗೆ ಜೋಡಿಸಿದೆ, ಹಗಲೂ ರಾತ್ರಿ ಟಿ.ವಿ. ಆರಿಸಲಿಲ್ಲ.

ಬಿಸಿ ಒಪ್ಪಿತು, ಬೆಳಕು ಒಪ್ಪಲಿಲ್ಲ. ಹುಳುಗಳೆಲ್ಲ ತಟ್ಟೆಯ ಆಚೆ ಅಂಚಿಗೆ ಹೋಗಿ ಒಂದರ ಮೇಲೊಂದು ಬಿದ್ದವು. ಅದಕ್ಕೆ ಟಿ.ವಿ.ಯ ಮುಖಕ್ಕೆ ಕರಿ ಕಂಬಳಿ ಇಳಿಬಿಟ್ಟೆ. ಹುಳುವಿರುವ ಕಡೆ ಊದುಬತ್ತಿ ಕೂಡದು, ಒಗ್ಗರಣೆ ಘಾಟು ಕೂಡದು, ಹೊರಗಿನವರು ಕಾಲಿಡಕೂಡದು. "ಅತ್ತೆ, ಒಗ್ಗರಣೆ ಇಲ್ದೆ ಸಾರು ಹೆಂಗೆ ತಿನ್ನೋದು?" ಎಂದಳು ಸೊಸೆ ಸವಿತ. "ಕಣ್ಣು ಮುಚ್ಕೊಂಡು ತಿನ್ನು" ಎಂದೆ.

ಭಾನುವಾರ ಕ್ರಿಕೆಟ್ಟು. ಮಂಜನ ಗೆಳೆಯರು ಹೊಸಲಿನಾಚೆ ನಿಂತು ಕಂಬಳಿಯನ್ನೇ ನೋಡುತ್ತಿದ್ದರು. ಒಳಗಿಂದ ಜನ ಹೋ ಎಂದು ಕೂಗುವ ಸದ್ದು. "ಅವ್ವಾ, ಒಂದೇ ಒಂದು ಓವರ್, ತೆಗಿಯವ್ವ!" "ಕೇಳ್ಕೊಳ್ರೋ. ನಿಮ್ಮ ತಾತಂದಿರು ರೇಡಿಯೋದಾಗೆ ಕೇಳಲಿಲ್ವಾ?" "ಲೇ ಮಂಜ, ನಿಮ್ಮನೇದು ಎಚ್‌ಡಿ ರೇಡಿಯೋ ಕಣೋ" ಎಂದ ಒಬ್ಬ. ಎಲ್ಲರೂ ಪುಟ್ಟಮ್ಮನ ಮನೆಗೆ ಹೋದರು. ಸವಿತಳೂ ಹಿಂದೆಯೇ ಹೋದಳು.

ಮಾರನೆಯ ದಿನ ಸಂಜೆ ಧಾರಾವಾಹಿಯಲ್ಲಿ ಆ ಸೊಸೆಯನ್ನು ಮನೆಯಿಂದ ಹೊರಗೆ ಹಾಕುವ ಗಲಾಟೆ. ಸದ್ದು ಕೇಳಿ ಕೇಳಿ ನನ್ನ ಪ್ರಾಣ ನಿಲ್ಲಲಿಲ್ಲ. ಹುಳು ಮಲಗಿವೆ, ಬೆಳಕು ಬಿಡುವ ಹಾಗಿಲ್ಲ. ಮೆಲ್ಲಗೆ ಕಂಬಳಿಯೊಳಗೆ ತಲೆ ತೂರಿಸಿದೆ. ಅಷ್ಟು ಹತ್ತಿರದಿಂದ ನನಗೆ ಕಂಡದ್ದು ಅತ್ತೆಯ ಮೂಗಿನ ಒಂದು ಹೊಳ್ಳೆ ಮಾತ್ರ. ಅದು ನನ್ನ ಅಂಗೈಯಷ್ಟು ಅಗಲವಿತ್ತು. ಬಿಸಿಗೆ ನನ್ನ ಮುಖದಿಂದ ಬೆವರು ಇಳಿಯುತ್ತಿತ್ತು. ಹಿಂದೆ ಹೊಸಲಿನಾಚೆಯಿಂದ ಪುಟ್ಟಮ್ಮನ ದನಿ ಬಂತು: "ಅಕ್ಕಾ, ಏನ್ ಮಾಡ್ತಿದ್ದೀಯಾ ಅಲ್ಲಿ?"

"ಬಿಸಿ ಸರಿಯಾಗೈತಾ ಅಂತ ನೋಡ್ತಿದ್ದೆ."

"ಹೌದಾ? ಸೊಸೇನ ಆಚೆ ಹಾಕಿದ್ರಾ?"

"ಇಲ್ಲ, ಇನ್ನೂ ಬಾಗಿಲತ್ರ ಅವ್ಳೆ" ಎಂದುಬಿಟ್ಟೆ.

ಅವಳು ನಕ್ಕ ಸದ್ದಿಗೆ ಹುಳುಗಳು ಎಲ್ಲಿ ಏಳುತ್ತವೋ ಎಂದು ನನಗೆ ಭಯ. ಅವು ಎದ್ದದ್ದು ಮರುದಿನ ಬೆಳಿಗ್ಗೆ, ಎಲ್ಲ ತಟ್ಟೆಯಲ್ಲೂ, ಒಂದೂ ಹಿಂದೆ ಬೀಳದೆ. ಸೊಪ್ಪು ಹಾಕಿದರೆ ಮಳೆ ಸುರಿದ ಹಾಗೆ ಮೇಯುವ ಸದ್ದು. ಮಂಜ ಬಗ್ಗಿ ನೋಡಿದ. ಆಮೇಲೆ ಏಣಿ ತಂದು ಹುಳುಮನೆಯ ಶೀಟಿನ ಸಂದು ಮುಚ್ಚುತ್ತ ನಿಂತ. ನನಗೆ ಅಷ್ಟು ಸಾಕಾಗಿತ್ತು.

ನನ್ನ ಹುಳು ಹುಳುಮನೆಗೆ ವಾಪಸ್ಸು ಹೋದ ದಿನವೇ ಪುಟ್ಟಮ್ಮ ತಲೆಯ ಮೇಲೆ ತಟ್ಟೆ ಹೊತ್ತು ಬಂದಳು. "ನಮ್ಮವೂ ನಾಳೆ ಜ್ವರಕ್ಕೆ ಕೂರ್ತಾವೆ ಅಕ್ಕಾ" ಎಂದು ತಲೆ ತಗ್ಗಿಸಿದಳು. ಹಟ ಮನುಷ್ಯರ ಮೇಲೆ ಸರಿ, ಹುಳುವಿನ ಮೇಲೆ ಸಲ್ಲದು. ಇಟ್ಟುಕೋ ಎಂದೆ. ಅವಳ ತಟ್ಟೆಗಳು ನನ್ನವಕ್ಕಿಂತ ಹೆಚ್ಚು. ಈಗ ಟಿ.ವಿ. ಮತ್ತು ಸ್ಟ್ಯಾಂಡಿನ ನಡುವೆ ನನ್ನ ಕತ್ತು ತೂರುವಷ್ಟೂ ಜಾಗವಿಲ್ಲ. ಹಾಗಾಗಿ ದಿನಾ ಸಂಜೆ ನಾನು ಅವಳ ಮನೆಗೆ ಹೋಗಿ, ಕುರ್ಚಿಯ ಮೇಲೆ ಕುಳಿತು, ಅವಳು ಕೊಟ್ಟ ಟೀ ಕುಡಿಯುತ್ತ, ಅವಳ ತೆಳ್ಳನೆಯ ಟಿ.ವಿ. ನೋಡುತ್ತೇನೆ. ನಿಜ ಹೇಳಬೇಕೆಂದರೆ ಅದರಲ್ಲಿ ನಮ್ಮದಕ್ಕಿಂತ ಚೆನ್ನಾಗಿ ಕಾಣುತ್ತದೆ. "ಹೆಂಗೈತಕ್ಕಾ ನಮ್ಮದು?" ಎಂದು ಅವಳು ದಿನಾ ಕೇಳುತ್ತಾಳೆ. "ಸೌಂಡು ಸ್ವಲ್ಪ ಕಮ್ಮಿ" ಎನ್ನುತ್ತೇನೆ.